ಬಳ್ಳಿ ಹಬ್ಬಿದ ಮೈ ಯಾರದು?

ಗಿಡ ಕೀಳುವುದು ಹಿಂಸೆಯೇ ಎಂಬ ಪ್ರಶ್ನೆ ರೈತನನ್ನು ಹೆಚ್ಚು ಕಾಡುವುದಿಲ್ಲ. ಹೊಲದಲ್ಲಿ ಏನು ಬೆಳೆಯಬೇಕು ಎಂಬುದು ಉಳುವಾಗಲೇ ತೀರ್ಮಾನವಾಗಿರುತ್ತದೆ. ರಾಗಿಯ ಸಾಲಿನ ನಡುವೆ ಎದ್ದದ್ದೆಲ್ಲ ಕಳೆ, ಕಳೆಗೆ ಕುಂಟೆ. ಕಾಡಿನಲ್ಲಿ ಹಾಗಲ್ಲ. ಅಲ್ಲಿ ಬಿತ್ತಿದವರು ನಾವಲ್ಲ, ಕೊಯ್ಯುವವರೂ ನಾವಲ್ಲ. ಅಲ್ಲಿ ನಿಂತ ಗಿಡವನ್ನು ಬೇರುಸಹಿತ ಕಿತ್ತೊಗೆಯಲು ನಮಗೇನು ಅಧಿಕಾರ ಎಂದು, ಅಹಿಂಸೆಯನ್ನು ಬಾಯಿಮಾತಿಗಲ್ಲದೆ ನಂಬಿದವರೊಬ್ಬರು ಕೇಳಿದರೆ ನಕ್ಕು ತಳ್ಳಿಹಾಕುವಂತಿಲ್ಲ. ಬಂಡೀಪುರದಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಲಂಟಾನ. ಮಲೆನಾಡಿನ ಕಾಡಂಚಿನಲ್ಲಿ ಯುಪಟೋರಿಯಂ. ಬಯಲುಸೀಮೆಯ ಕೆರೆಯಂಗಳದಲ್ಲಿ ಬಳ್ಳಾರಿ ಜಾಲಿ. ಎಲ್ಲ ಕಡೆಯ ರಸ್ತೆಬದಿಯಲ್ಲಿ ಪಾರ್ಥೇನಿಯಂ. ನಾಲ್ಕೂ ಅಮೆರಿಕ ಖಂಡದ ಬೆಚ್ಚಗಿನ ನೆಲಗಳಿಂದ ಬಂದವು. ದೇಶದ ಹುಲಿ ನೆಲೆಗಳ ಶೇಕಡಾ 40ರಷ್ಟು ಪ್ರದೇಶದಲ್ಲಿ ಲಂಟಾನ ಹೊಕ್ಕಿದೆ ಎಂದು 2020ರಲ್ಲಿ ಪ್ರಕಟವಾದ ಅಂದಾಜೊಂದು ಹೇಳುತ್ತದೆ. ಅಷ್ಟು ಜೀವವನ್ನು ಕೀಳುವುದು ಧರ್ಮವೇ? ಕೀಳಬಹುದು, ಕೆಲವೆಡೆ ಕೀಳಲೇಬೇಕು ಎಂಬುದು ನನ್ನ ವಾದ. ಆದರೆ ಅದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣಗಳು, ಅಂದರೆ ಅದು ಪರದೇಶಿ, ದನ ತಿನ್ನುವುದಿಲ್ಲ, ಯಾವ ಪ್ರಯೋಜನಕ್ಕೂ ಬಾರದು ಎಂಬುವು, ಒಂದೂ ನಿಲ್ಲುವಂಥವಲ್ಲ. ನಿಲ್ಲುವ ಕಾರಣ ಮಣ್ಣಿನೊಳಗಿದೆ. ಆ ಕಾರಣವನ್ನು ಒಪ್ಪಿಕೊಂಡರೆ ನಮ್ಮ ಕೈಗೆ ಗುದ್ದಲಿ ಬರುತ್ತದೆ, ಜೊತೆಗೆ ಕೈಗೆ ಕಟ್ಟೂ ಬೀಳುತ್ತದೆ.

ಮೊದಲು ಮಣ್ಣಿನ ಸಾಕ್ಷಿ. ನೆಲದ ಮೇಲಿನ ಗಿಡ ನಮಗೆ ಒಂಟಿ ಜೀವಿಯಂತೆ ಕಂಡರೂ ಕೆಳಗೆ ಅದು ಒಂಟಿಯಲ್ಲ. ಹೆಚ್ಚಿನ ಗಿಡಮರಗಳ ಬೇರಿಗೆ ಶಿಲೀಂಧ್ರದ ಎಳೆಗಳು ಹೆಣೆದುಕೊಂಡಿರುತ್ತವೆ. ಎಳೆಗಳು ದೂರದಿಂದ ರಂಜಕವನ್ನೂ ನೀರನ್ನೂ ತಂದುಕೊಡುತ್ತವೆ, ಗಿಡ ತಾನು ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆಯಲ್ಲಿ ಒಂದು ಪಾಲನ್ನು ಅವಕ್ಕೆ ಬಿಟ್ಟುಕೊಡುತ್ತದೆ. ಈ ವ್ಯವಹಾರಕ್ಕೆ 40 ಕೋಟಿ ವರ್ಷಗಳ ಹಳಮೆಯಿದೆ, ಪಳೆಯುಳಿಕೆಗಳಲ್ಲಿ ಅದರ ಗುರುತಿದೆ. ಬೇರು ಸುಮ್ಮನೆ ಹೀರುವ ಕೊಳವೆಯೂ ಅಲ್ಲ. ಅದು ಸುತ್ತಲಿನ ಮಣ್ಣಿಗೆ ಸದಾ ಏನನ್ನಾದರೂ ಒಸರುತ್ತಿರುತ್ತದೆ. ಆ ಒಸರಿಗೆ ತಕ್ಕಂತೆ ಅಲ್ಲಿ ಯಾವ ಸೂಕ್ಷ್ಮಜೀವಿ ಹೆಚ್ಚಬೇಕು, ಯಾವುದು ಸೊರಗಬೇಕು ಎಂಬುದು ನಿರ್ಧಾರವಾಗುತ್ತದೆ. ಭೂಮಿಯ ಜೀವಪ್ರಭೇದಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮಣ್ಣಿನಲ್ಲೇ ವಾಸಿಸುತ್ತವೆ ಎಂದು 2023ರ ಲೆಕ್ಕಾಚಾರವೊಂದು ತೋರಿಸಿದೆ. ಕಾಡೆಂದರೆ ಮರ, ಆನೆ, ಹುಲಿ ಎಂದು ನಾವು ಹೇಳುವಾಗ ಬಹುಸಂಖ್ಯಾತರನ್ನೇ ಬಿಟ್ಟು ಜನಗಣತಿ ಮಾಡಿದಂತಾಗುತ್ತದೆ.

ಈ ಬಹುಸಂಖ್ಯಾತರಿಗೆ ಹೊಸ ಗಿಡ ಏನು ಮಾಡುತ್ತದೆ ಎಂಬುದಕ್ಕೆ ನಮ್ಮ ಪಶ್ಚಿಮಘಟ್ಟದಿಂದಲೇ ಒಂದು ಬಲವಾದ ಸಾಕ್ಷಿಯಿದೆ. ಯುಪಟೋರಿಯಂ ಎಂದು ಮಲೆನಾಡಿಗರು ಕರೆಯುವ, ಕೆಲವೆಡೆ ಕಮ್ಯುನಿಸ್ಟ್ ಗಿಡ ಎನ್ನಿಸಿಕೊಳ್ಳುವ ಸಸ್ಯದ ಬುಡದ ಮಣ್ಣನ್ನು ಸಂಶೋಧಕರು ಅಲ್ಲಿಂದ ತೆಗೆದು ಪರೀಕ್ಷಿಸಿದರು. 2008ರಲ್ಲಿ ಫಲಿತಾಂಶ ಪ್ರಕಟವಾಯಿತು. ಪಕ್ಕದ ಸ್ಥಳೀಯ ಗಿಡಗಳ ಬುಡದಿಂದ ಅಷ್ಟೇ ದೂರದಲ್ಲಿ ತೆಗೆದ ಮಣ್ಣಿಗೆ ಹೋಲಿಸಿದರೆ, ಯುಪಟೋರಿಯಂ ಬುಡದ ಮಣ್ಣಿನಲ್ಲಿ ಫ್ಯುಸೇರಿಯಂ ಎಂಬ ರೋಗಕಾರಕ ಶಿಲೀಂಧ್ರದ ಬೀಜಕಣಗಳು 25 ಪಟ್ಟಿಗಿಂತ ಹೆಚ್ಚಿದ್ದವು. ಆ ಮಣ್ಣಿನಲ್ಲಿ ಸ್ಥಳೀಯ ಸಸಿಗಳು ಸೊರಗಿದವು. ಮಣ್ಣನ್ನು ಕ್ರಿಮಿಶುದ್ಧಿ ಮಾಡಿದಾಗ ಸೊರಗು ಇಲ್ಲವಾಯಿತು. ಯುಪಟೋರಿಯಂ ಬೇರಿನ ಒಸರನ್ನು ಗಿಡವಿಲ್ಲದ ಬೇರೆ ಮಣ್ಣಿಗೆ ಸುರಿದಾಗ ಅಲ್ಲಿಯೂ ಫ್ಯುಸೇರಿಯಂ ಹತ್ತು ಪಟ್ಟಿಗೂ ಮೀರಿ ಬೆಳೆಯಿತು. ಗಮನಿಸಬೇಕಾದ್ದು, ಈ ಶಿಲೀಂಧ್ರ ಹೊರಗಿನಿಂದ ಬಂದದ್ದಲ್ಲ, ಇಲ್ಲಿಯ ಮಣ್ಣಿನದೇ. ಹೊಸಬ ಬಂದು ಊರಿನ ಸಣ್ಣ ರೋಗವನ್ನು ಸಾಕಿ ದೊಡ್ಡದು ಮಾಡಿದ. ತನಗೆ ಅದು ತಾಗದು, ಊರಿನವರಿಗೆ ತಾಗುತ್ತದೆ. ಗಿಡ ತನ್ನ ನೆರಳಿನಿಂದ ಬೇರೆ ಗಿಡವನ್ನು ತುಳಿಯುವುದು ಕಣ್ಣಿಗೆ ಕಾಣುವ ವಿಷಯ. ಇಲ್ಲಿ ತುಳಿತ ನಡೆದಿರುವುದು ಮಣ್ಣಿನ ಒಳಸಂಬಂಧಗಳನ್ನು ತಿರುಚುವುದರ ಮೂಲಕ.

ಬೇರೆ ನೆಲಗಳಲ್ಲಿ ಇದೇ ಕಥೆ ಬೇರೆ ದಾರಿಯಲ್ಲಿ ನಡೆದಿದೆ. ಯುರೋಪಿನಿಂದ ಉತ್ತರ ಅಮೆರಿಕಕ್ಕೆ ಹೋದ ಗಾರ್ಲಿಕ್ ಮಸ್ಟರ್ಡ್ ಸಾಸಿವೆಯ ಬಂಧು. ಬೇರಿನ ಶಿಲೀಂಧ್ರದ ಗೆಳೆತನ ಅದಕ್ಕೆ ಬೇಡ. ಅದು ಮಣ್ಣಿಗೆ ಬಿಡುವ ರಾಸಾಯನಿಕಗಳು ಆ ಶಿಲೀಂಧ್ರಗಳನ್ನು ಕುಗ್ಗಿಸಿ, ಅವನ್ನೇ ನಂಬಿದ್ದ ಮರಗಳ ಸಸಿಗಳು ಮೇಲೇಳದಂತೆ ಮಾಡುತ್ತವೆ ಎಂದು 2006ರಲ್ಲಿ ತೋರಿಸಿದರು. ಹವಾಯಿ ದ್ವೀಪದ ಲಾವಾ ನೆಲದಲ್ಲಿ ನಡೆದದ್ದು ಇನ್ನೂ ವಿಚಿತ್ರ. ಅಲ್ಲಿಯ ಮಣ್ಣು ಸಾರಜನಕಕ್ಕೆ ಬಡವಾಗಿತ್ತು, ಆ ಬಡತನಕ್ಕೆ ಒಗ್ಗಿದ ಸಸ್ಯಗಳು ಅಲ್ಲಿದ್ದವು. ಅಟ್ಲಾಂಟಿಕ್ ದ್ವೀಪಗಳಿಂದ ಬಂದ ಫಯಾ ಮರ ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸಿ ನೆಲವನ್ನು ಹಲವು ಪಟ್ಟು ಶ್ರೀಮಂತ ಮಾಡಿತು. ನಮ್ಮ ವಿಂಧ್ಯದ ಒಣಗಾಡುಗಳಲ್ಲಿ ಲಂಟಾನ ಪೊದೆಯ ಕೆಳಗಿನ ಮಣ್ಣನ್ನು ಅಳೆದವರಿಗೂ ಸಾರಜನಕ ಹೆಚ್ಚಿದ್ದು ಕಂಡಿದೆ. ಇಲ್ಲೊಂದು ತೊಡಕಿದೆ, ಅದನ್ನು ಅಡಗಿಸಿಟ್ಟು ವಾದ ಮಾಡುವುದು ಸರಿಯಲ್ಲ: ದಾಳಿಯಿಡುವ ಗಿಡ ಮಣ್ಣನ್ನು ಯಾವಾಗಲೂ ಹಾಳು ಮಾಡುತ್ತದೆ ಎನ್ನುವಂತಿಲ್ಲ. ಕೆಲವೊಮ್ಮೆ ಅದು ಮಣ್ಣನ್ನು ರೈತ ಮೆಚ್ಚುವಂತೆ ಮಾಡುತ್ತದೆ. ಎರೆಹುಳುವನ್ನೇ ನೋಡಿ. ನಮಗೆ ಅದು ರೈತಮಿತ್ರ. ಹಿಮಯುಗದ ನೀರ್ಗಲ್ಲು ಮುಚ್ಚಿದ್ದ ಉತ್ತರ ಅಮೆರಿಕದ ಕಾಡುಗಳಲ್ಲಿ ಸಾವಿರಾರು ವರ್ಷ ಎರೆಹುಳುವೇ ಇರಲಿಲ್ಲ. ವಲಸಿಗರ ಜೊತೆ ಯುರೋಪಿನ ಎರೆಹುಳು ಬಂದು ತರಗೆಲೆಯ ಹಾಸನ್ನೆಲ್ಲ ತಿಂದು, ಆ ಹಾಸಿನಲ್ಲೇ ಬೇರೂರುತ್ತಿದ್ದ ಕಾಡುಗಿಡಗಳ ನೆಲೆ ತಪ್ಪಿಸಿತು. ಮಣ್ಣಿಗೆ ಒಳ್ಳೆಯದು ಎಂಬುದು ಯಾರ ಮಣ್ಣು, ಯಾರ ಜೊತೆಗಿನ ಮಣ್ಣು ಎಂದು ಕೇಳದೆ ಹೇಳಬಹುದಾದ ಮಾತೇ ಅಲ್ಲ.

ಇಲ್ಲಿಂದ ಪ್ರಶ್ನೆ ಧರ್ಮದ ಅಂಗಳಕ್ಕೆ ಬರುತ್ತದೆ. ಮಣ್ಣಿನ ಜೀವವನ್ನು ನೈತಿಕ ಲೆಕ್ಕಕ್ಕೆ ತೆಗೆದುಕೊಂಡ ಪರಂಪರೆಗಳಲ್ಲಿ ಜೈನಧರ್ಮದಷ್ಟು ಕಟ್ಟುನಿಟ್ಟಾದದ್ದು ಇನ್ನೊಂದಿಲ್ಲ. ಮಣ್ಣೇ ಮೈಯಾದ ಪೃಥ್ವೀಕಾಯಿಕ ಜೀವಗಳು, ಒಂದೇ ಇಂದ್ರಿಯದ ವನಸ್ಪತಿ ಜೀವಗಳು, ಒಂದೇ ದೇಹದಲ್ಲಿ ಅನಂತ ಜೀವಗಳು ಕೂಡಿ ಬಾಳುವ ನಿಗೋದ. ಈ ಕಾರಣಕ್ಕೇ ಅಲ್ಲವೇ ಶ್ರಾವಕರ, ಅಂದರೆ ಜೈನ ಗೃಹಸ್ಥರ, ಮನೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಗಳಿಗೆ ಪ್ರವೇಶವಿಲ್ಲದ್ದು. ಸೂಕ್ಷ್ಮದರ್ಶಕಕ್ಕೆ ಮುಂಚೆಯೇ ನಮ್ಮ ಹಿರಿಯರಿಗೆ ಎಲ್ಲ ತಿಳಿದಿತ್ತು ಎಂದು ಕುಣಿಯುವ ಉತ್ಸಾಹ ನನಗಿಲ್ಲ. ನಿಗೋದ ಬ್ಯಾಕ್ಟೀರಿಯಾ ಅಲ್ಲ. ಅದು ಜೀವದ ಸ್ವರೂಪದ ಬಗೆಗಿನ ತಾತ್ವಿಕ ನಿಲುವು. ಆದರೆ ಕಾಣದ ಜೀವಕ್ಕೂ ಕಾಣುವ ಜೀವದಷ್ಟೇ ಗೌರವ ಸಲ್ಲಬೇಕು ಎಂಬ ಶಿಸ್ತನ್ನು ಊಟದ ಎಲೆಯವರೆಗೆ ತಂದ ಜನ ಇದ್ದಾರೆ ಎಂಬುದು ನಿಜ. ಆ ಶಿಸ್ತನ್ನು ನೇರವಾಗಿ ಕಾಡಿಗೆ ಒಯ್ದರೆ ಉತ್ತರ ಸುಲಭ ಎನ್ನಿಸುತ್ತದೆ: ಕೀಳಬೇಡ, ಅಗೆಯಬೇಡ, ಸುಮ್ಮನಿರು.

ಸುಮ್ಮನಿರುವ ಉತ್ತರದ ಕೆಳಗೆ ಒಂದು ಎಣಿಕೆ ಅಡಗಿದೆ. ಕಿತ್ತರೆ ಇಷ್ಟು ಜೀವ ಸಾಯುತ್ತದೆ, ಬಿಟ್ಟರೆ ಅಷ್ಟು ಉಳಿಯುತ್ತದೆ ಎಂಬ ಎಣಿಕೆ. ಕೀಳುವ ಪಕ್ಷದವರೂ ಹೆಚ್ಚಾಗಿ ಇದೇ ಎಣಿಕೆಯನ್ನು ತಿರುವಿ ಹಾಕುತ್ತಾರೆ: ಲಂಟಾನ ಒಂದು ಜೀವ, ಅದರಿಂದ ಮಣ್ಣಿನಲ್ಲಿ ಸಾಯುವುದು ಕೋಟಿ ಜೀವ, ಆದ್ದರಿಂದ ಕೀಳು. ನನಗೆ ಎರಡೂ ಒಪ್ಪಿಗೆಯಿಲ್ಲ, ಏಕೆಂದರೆ ಎಣಿಕೆ ಮಣ್ಣಿನ ಮುಂದೆ ನಿಲ್ಲುವುದಿಲ್ಲ. ಯುಪಟೋರಿಯಂ ಬುಡದಲ್ಲಿ 25 ಪಟ್ಟು ಹೆಚ್ಚಿದ್ದದ್ದು ಏನು? ಜೀವವೇ. ಫ್ಯುಸೇರಿಯಂ ಕೂಡ ಜೀವ. ತಲೆ ಎಣಿಸುವುದೇ ಧರ್ಮವಾದರೆ ರೋಗಗ್ರಸ್ತ ಮಣ್ಣು ಆರೋಗ್ಯದ ಮಣ್ಣನ್ನು ಗೆದ್ದರೂ ಗೆಲ್ಲಬಹುದು. ಹಾಗಿದ್ದರೆ ಆ ಮಣ್ಣಿನಲ್ಲಿ ಕೆಟ್ಟದ್ದೇನು? ಜೀವಗಳ ಸಂಖ್ಯೆ ಕೆಟ್ಟಿಲ್ಲ, ಅವುಗಳ ನಡುವಿನ ಕೊಡುಕೊಳ್ಳುವಿಕೆ ಕೆಟ್ಟಿದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಜೀವಗಳ ಉಪಕಾರವೆಂದರೆ ಏನು ಎಂದು ಹೇಳುವಾಗ, ಅವು ಒಂದಕ್ಕೊಂದು ನೆರವಾಗುವುದನ್ನೇ ಹೆಸರಿಸುತ್ತದೆ. ಇಂದು ಜೈನ ಲಾಂಛನದ ಕೆಳಗೆ ಬರೆಯುವುದೂ ಆ ಸೂತ್ರವನ್ನೇ. ಅದನ್ನು ಸಾಮಾನ್ಯವಾಗಿ ಸೌಹಾರ್ದದ ಸಂದೇಶವೆಂದು ಓದುತ್ತಾರೆ. ಅದಕ್ಕಿಂತ ಕಠಿಣವಾಗಿ ಓದಬಹುದು ಎನ್ನಿಸುತ್ತದೆ: ಜೀವವನ್ನು ಗೌರವಿಸುವುದೆಂದರೆ ಬಿಡಿಬಿಡಿ ಪ್ರಾಣಗಳನ್ನು ಕಾಯುವುದಷ್ಟೇ ಅಲ್ಲ, ಪರಸ್ಪರ ನೆರವಿನ ಸ್ಥಿತಿಯನ್ನು ಕಾಯುವುದು. ಹಾಗೆ ಓದಿದರೆ ಮಣ್ಣಿಗೂ ಲೆಕ್ಕ ಸಿಗುತ್ತದೆ. ಶಿಲೀಂಧ್ರದ ಒಂದೊಂದು ಎಳೆಗೂ ಮತ ಕೊಡಬೇಕಾಗಿಲ್ಲ. ಅದು ಮತ್ತು ಬೇರು ಸೇರಿ ನಡೆಸಿಕೊಂಡು ಬಂದ ಬಾಳುವೆ ಮುರಿದಾಗ, ಮುರಿಯಲು ಕಾರಣರಾದವರು ಉತ್ತರ ಕೊಡಬೇಕು.

ಪರದೇಶಿ ಎಂಬ ಕಾರಣ ಏಕೆ ನಿಲ್ಲುವುದಿಲ್ಲ ಎಂಬುದೂ ಈಗ ಸ್ಪಷ್ಟ. ಮೂಲವೇ ಪಾಪವಾದರೆ ಕನ್ನಡಿಗರ ಅಡುಗೆಮನೆ ಖಾಲಿಯಾಗಬೇಕು. ಮೆಣಸಿನಕಾಯಿ, ಟೊಮೆಟೊ, ನೆಲಗಡಲೆ ಅಮೆರಿಕದವು. ಚಿಕ್ಕಮಗಳೂರಿನ ಕಾಫಿ ಅರಬರ ನಾಡಿನ ಕಡೆಯಿಂದ ಬಂದದ್ದು. ಮಣ್ಣಿನ ಮಗನ ಅನ್ನ ಎಂದು ನಾವು ಎದೆ ತಟ್ಟಿಕೊಳ್ಳುವ ರಾಗಿಯೇ ಸಾವಿರಾರು ವರ್ಷಗಳ ಹಿಂದೆ ಪೂರ್ವ ಆಫ್ರಿಕದಿಂದ ಬಂದ ಬೆಳೆ. ಇವು ಯಾವುವೂ ಕಾಡಿನ ಮಣ್ಣನ್ನು ತಿರುಚುತ್ತ ತಮ್ಮಷ್ಟಕ್ಕೆ ಹಬ್ಬುತ್ತಿಲ್ಲ. ಮೂಲವನ್ನು ಹಿಡಿದು ದ್ವೇಷಿಸುವ ಭಾಷೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಚರಿತ್ರೆಯಲ್ಲಿ ಉದಾಹರಣೆಯಿದೆ: 1942ರಲ್ಲಿ ನಾತ್ಸಿ ಜರ್ಮನಿಯ ಸಸ್ಯವಿಜ್ಞಾನಿಗಳ ಗುಂಪೊಂದು ಏಷ್ಯಾದಿಂದ ಬಂದ ಸಣ್ಣ ಕರ್ಣಕುಂಡಲದ ಜಾತಿಯ ಗಿಡದ ವಿರುದ್ಧ ಸಮರ ಸಾರಿ, ಅದನ್ನು ಬೊಲ್ಶೆವಿಕರ ವಿರುದ್ಧದ ಹೋರಾಟಕ್ಕೆ ಹೋಲಿಸಿತ್ತು. 2011ರಲ್ಲಿ 19 ಮಂದಿ ಪರಿಸರವಿಜ್ಞಾನಿಗಳು ‘ನೇಚರ್’ ಪತ್ರಿಕೆಯಲ್ಲಿ ಒಟ್ಟಾಗಿ ಬರೆದು, ಜೀವಿಗಳನ್ನು ಹುಟ್ಟೂರಿನಿಂದ ಅಳೆಯಬೇಡಿ, ನಡವಳಿಕೆಯಿಂದ ಅಳೆಯಿರಿ ಎಂದು ಕೇಳಿಕೊಂಡರು. ಅವರ ಮಾತನ್ನು ಕೀಳುವುದರ ವಿರುದ್ಧದ ವಾದವೆಂದು ಹಲವರು ಬಳಸುತ್ತಾರೆ. ನನಗೆ ಅದು ಸರಿಯಾಗಿ ಕೀಳುವುದರ ಪರವಾದ ವಾದವೆಂದೇ ತೋರುತ್ತದೆ. ನಡವಳಿಕೆಯಿಂದ ಅಳೆದಾಗಲೂ ಯುಪಟೋರಿಯಂ ತಪ್ಪಿಸಿಕೊಳ್ಳುವುದಿಲ್ಲ.

ಇದಕ್ಕಿಂತ ಬಲವಾದ ಆಕ್ಷೇಪ ಶ್ರವಣಬೆಳಗೊಳದ ಬೆಟ್ಟದ ಮೇಲೆ ಸಾವಿರ ವರ್ಷದಿಂದ ನಿಂತಿದೆ. ಗೊಮ್ಮಟನ, ಅಂದರೆ ಬಾಹುಬಲಿಯ, ಕಾಲು ತೋಳುಗಳನ್ನು ಬಳ್ಳಿ ಸುತ್ತಿದೆ, ಪಾದದ ಬಳಿ ಹುತ್ತ ಬೆಳೆದಿದೆ, ಹುತ್ತದಿಂದ ಹಾವು ಇಣುಕಿದೆ; ಅವನು ಕೈ ಎತ್ತಿ ಒಂದು ಎಲೆಯನ್ನೂ ಸರಿಸಲಿಲ್ಲ. ಹಬ್ಬುವ ಗಿಡದ ಮುಂದೆ ಮನುಷ್ಯ ಹೇಗೆ ನಿಲ್ಲಬೇಕು ಎಂಬುದಕ್ಕೆ ಕನ್ನಡ ನಾಡಿನಲ್ಲಿ ಇದಕ್ಕಿಂತ ದೊಡ್ಡ ಮಾದರಿ ಎಲ್ಲಿದೆ ಎಂದು ಕೇಳಿದರೆ ಏನು ಹೇಳುವುದು? ನಾನು ಹೇಳುವುದು ಇಷ್ಟು: ಬಾಹುಬಲಿ ಬಳ್ಳಿಗೆ ಬಿಟ್ಟುಕೊಟ್ಟದ್ದು ತನ್ನ ಮೈಯನ್ನು. ರಾಜ್ಯ ಬಿಟ್ಟವನಿಗೆ ತನ್ನದೆಂದು ಉಳಿದಿದ್ದದ್ದು ಅದೊಂದೇ, ಅದನ್ನೂ ಬಿಟ್ಟ. ತನ್ನ ಮೈಮೇಲೆ ಹಬ್ಬಿದ್ದನ್ನು ಸಹಿಸುವುದು ತಪಸ್ಸು. ಬೇರೆಯವರ ಮೈಮೇಲೆ ಹಬ್ಬಿದ್ದನ್ನು ನಾವು ಸಹಿಸಿದರೆ ಅದಕ್ಕೆ ತಪಸ್ಸೆಂಬ ಹೆಸರು ಸಲ್ಲುವುದಿಲ್ಲ. ಲಂಟಾನ ಹಬ್ಬಿರುವುದು ನಮ್ಮ ಮೈಮೇಲಲ್ಲ. ಅದು ನೆಲ್ಲಿಯ ಸಸಿಯ ಮೇಲೆ, ಹುಲ್ಲಿನ ಮೇಲೆ, ಹುಲ್ಲನ್ನು ನಂಬಿದ ಜಿಂಕೆ ಕಡವೆಗಳ ಮೇಲೆ, ಕಾಡಿನ ಉತ್ಪನ್ನವನ್ನು ನಂಬಿದ ಸೋಲಿಗ ಆದಿವಾಸಿಗಳ ಬದುಕಿನ ಮೇಲೆ ಹಬ್ಬಿದೆ. ಊರಿನಲ್ಲಿ ಕುಳಿತವರು ಅದನ್ನು ಕೀಳಬೇಡಿ ಎಂದರೆ ತ್ಯಾಗ ಮಾಡಿದವರು ಅವರಲ್ಲ. ಶಿಲ್ಪಗಳೂ ಒಂದು ಸೂಚನೆ ಕೊಡುತ್ತವೆ. ಎಲ್ಲೋರದ ಬಾಹುಬಲಿಯ ಅಕ್ಕಪಕ್ಕದಲ್ಲಿ ಇಬ್ಬರು ಸ್ತ್ರೀಯರಿದ್ದಾರೆ. ಬಳ್ಳಿಯನ್ನು ಬಿಡಿಸುವ ವಿದ್ಯಾಧರಿಯರೆಂದು ಅವರನ್ನು ಗುರುತಿಸುತ್ತಾರೆ. ಮುನಿ ತನ್ನ ಮೈಯ ಬಳ್ಳಿಯನ್ನು ಮುಟ್ಟಲಿಲ್ಲ, ಆದರೆ ಅವನ ಮೈಯ ಬಳ್ಳಿಯನ್ನು ಬಿಡಿಸಿದವರನ್ನು ಪರಂಪರೆ ಪಾಪಿಗಳೆಂದು ಕೆತ್ತಿಲ್ಲ. ಅಷ್ಟಕ್ಕೂ 10ನೇ ಶತಮಾನದ ಕೊನೆಯಲ್ಲಿ ಈ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ದಂಡನಾಯಕ, ಯುದ್ಧಗಳನ್ನು ಗೆದ್ದವನು. ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ (ಬೇಕೆಂದೇ ಮಾಡುವುದು), ಆರಂಭೀ (ಮನೆಗೆಲಸದಲ್ಲಿ ಆಗುವುದು), ಉದ್ಯೋಗೀ (ಕಸುಬಿನಲ್ಲಿ ಆಗುವುದು), ವಿರೋಧೀ (ರಕ್ಷಣೆಗಾಗಿ ಮಾಡುವುದು) ಎಂದು ವಿಂಗಡಿಸಿ, ಮೊದಲನೆಯದನ್ನು ಪೂರ್ತಿ ಬಿಡಬೇಕು, ಉಳಿದವನ್ನು ಆದಷ್ಟು ತಗ್ಗಿಸಬೇಕು ಎಂಬ ವಿವೇಕ ಆ ಪರಂಪರೆಗೆ ಹೊಸದಲ್ಲ. ಕೊಲ್ಲಬೇಕೆಂಬ ಬಯಕೆಯಿಂದ ಮಾಡುವುದೂ, ಕಾಯುವ ಹೊಣೆಯಿಂದಾಗಿ ಮಾಡಬೇಕಾಗುವುದೂ ಒಂದೇ ಅಲ್ಲ.

ಇನ್ನೊಂದು ಆಕ್ಷೇಪ ವಿಜ್ಞಾನದ ಕಡೆಯಿಂದಲೇ ಬರುತ್ತದೆ: ಕಾಲ ಎಲ್ಲವನ್ನೂ ಸರಿಮಾಡುತ್ತದೆ, ನೀವೇಕೆ ಅವಸರ ಪಡುತ್ತೀರಿ? ಇದು ಹುಸಿ ಮಾತಲ್ಲ. ಗಾರ್ಲಿಕ್ ಮಸ್ಟರ್ಡನ್ನೇ ಅಧ್ಯಯನ ಮಾಡಿದವರು, ಒಂದು ಜಾಗದಲ್ಲಿ ಅದು ಹೆಚ್ಚು ಕಾಲ ಇದ್ದಷ್ಟೂ ಅದರ ವಿಷ ತಗ್ಗುತ್ತ ಬರುತ್ತದೆ ಎಂದು 2009ರಲ್ಲಿ ಬರೆದರು. ಸುತ್ತ ತನ್ನದೇ ಜಾತಿಯವರು ತುಂಬಿಕೊಂಡ ಮೇಲೆ ವಿಷ ತಯಾರಿಸುವ ಖರ್ಚು ಗಿಡಕ್ಕೆ ಗಿಟ್ಟುವುದಿಲ್ಲ. ಅಂದರೆ ಹೊಸಬನೂ ನಿಧಾನವಾಗಿ ಊರಿನವನಾಗಬಲ್ಲ. ಆದರೆ ಒಂದು ಗಿಡದ ಪಾಠವನ್ನು ಎಲ್ಲಕ್ಕೂ ಹೊಂದಿಸಲಾಗದು. ಲಂಟಾನ ಭಾರತಕ್ಕೆ ಅಲಂಕಾರದ ಗಿಡವಾಗಿ ಬಂದದ್ದು 19ನೇ ಶತಮಾನದ ಆರಂಭದಲ್ಲಿ, ಇನ್ನೂರು ವರ್ಷ ಕಳೆದರೂ ಅದು ಸೌಮ್ಯವಾದ ಲಕ್ಷಣವಿಲ್ಲ. ಕಾಲದ ಮಾತಾಡುವವರು ಕಾಯುವವರು ಯಾರು ಎಂಬುದನ್ನೂ ಹೇಳಬೇಕು. ಮಣ್ಣು ಕಾಯಬಹುದು, ಶಿಲೀಂಧ್ರಕ್ಕೆ ಶತಮಾನ ದೊಡ್ಡದಲ್ಲ. ಪೊದೆಯ ಕೆಳಗೆ ಪ್ರತಿ ಮಳೆಗಾಲದಲ್ಲೂ ಮೊಳೆತು ಸಾಯುವ ನೆಲ್ಲಿ, ತಾರೆ, ಬೀಟೆಗಳ ಸಸಿಗಳಿಗೆ ಅಷ್ಟು ಕಾಲವಿಲ್ಲ. ಇಂದಿನ ದೊಡ್ಡ ಮರಗಳು ಬಿದ್ದ ಮೇಲೆ ಬೀಜ ಕೊಡುವವರೂ ಇರುವುದಿಲ್ಲ.

ಹಾಗಾದರೆ ಕೀಳೋಣ. ಆದರೆ ಮಣ್ಣಿನ ಸಂಬಂಧ ಮುರಿದದ್ದೇ ಕಾರಣವಾಗಿದ್ದರೆ, ಗಿಡ ಕಿತ್ತ ಮಾತ್ರಕ್ಕೆ ಕಾರಣ ಮುಗಿಯುವುದಿಲ್ಲ. ಗಿಡ ಹೋದ ಮೇಲೂ ಫ್ಯುಸೇರಿಯಂ ಮಣ್ಣಿನಲ್ಲಿ ಉಳಿಯುತ್ತದೆ, ಹೆಚ್ಚಿದ ಸಾರಜನಕ ಉಳಿಯುತ್ತದೆ, ಲಂಟಾನದ ಬೀಜ ಉಳಿಯುತ್ತದೆ. ಬರಿದಾದ ನೆಲಕ್ಕೆ ಮೊದಲು ಓಡಿಬರುವುದು ಮತ್ತೆ ಅಂಥದೇ ಗಿಡ. ಲಂಟಾನ ತೆರವಾದ ಜಾಗಕ್ಕೆ ಯುಪಟೋರಿಯಂ ಹೊಕ್ಕರೆ ಆಶ್ಚರ್ಯವಿಲ್ಲ. ಜೆಸಿಬಿ ತಂದು ನೆಲ ಬಗೆದರೆ ಉಳಿದಿದ್ದ ಶಿಲೀಂಧ್ರದ ಎಳೆಗಳೂ ಹರಿದುಹೋಗುತ್ತವೆ. ಕಳೆನಾಶಕ ಸಿಂಪಡಿಸಿದರೆ ಯಾರ ಪರವಾಗಿ ಕೀಳಲು ಹೊರಟೆವೋ ಅವರ ಮೇಲೆಯೇ ವಿಷ ಸುರಿದಂತೆ. ಲಂಟಾನದ ಮುಖ್ಯ ಬೇರನ್ನು ನೆಲಮಟ್ಟದಿಂದ ಕೆಲವೇ ಬೆರಳು ಕೆಳಗೆ ಕತ್ತರಿಸಿ, ಪೊದೆಯನ್ನು ತಲೆಕೆಳಗಾಗಿ ಒಣಗಲು ಬಿಡುವ ವಿಧಾನವನ್ನು ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಸಂಗಡಿಗರು ರೂಪಿಸಿದರು. ಅದು ನಿಧಾನ, ಅದಕ್ಕೆ ಆಳು ಬೇಕು. ಮಣ್ಣು ಮಾತ್ರ ಅಷ್ಟಾಗಿ ಕದಡುವುದಿಲ್ಲ. ಈ ವಿಧಾನಗಳಲ್ಲಿ ಯಾವುದು ಅಗ್ಗ ಎಂಬುದು ಗುತ್ತಿಗೆಯ ಪ್ರಶ್ನೆ. ಯಾವುದು ಕಡಿಮೆ ಹಿಂಸೆ ಎಂಬುದು ಬೇರೆಯೇ ಪ್ರಶ್ನೆ, ನಮ್ಮ ಟೆಂಡರು ಕಾಗದಗಳಲ್ಲಿ ಅದಕ್ಕೊಂದು ಅಂಕಣವಿಲ್ಲ. ಪಾರ್ಥೇನಿಯಂ ತಿನ್ನಿಸಲು ಮೆಕ್ಸಿಕೋದ ದುಂಬಿಯನ್ನು ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಪ್ರಯೋಗವೂ ಇಲ್ಲಿ ನೆನಪಾಗುತ್ತದೆ. ನಮ್ಮ ಕೈ ಕೊಳೆಯಾಗಲಿಲ್ಲ, ದುಂಬಿ ತಿಂದಿತು ಎನ್ನುವುದು ಜಾಣತನದ ಮಾತಷ್ಟೇ. ಮಾಡಿಸಿದವನೂ ಮಾಡಿದವನೇ ಎಂದು ಜೈನ ಆಚಾರ ಸ್ಪಷ್ಟವಾಗಿ ಹೇಳುತ್ತದೆ.

ಹೊಣೆಯ ಪಟ್ಟಿಯಲ್ಲಿ ಗಿಡ ಎಲ್ಲಿಯೂ ಬರುವುದಿಲ್ಲ. ಅದು ತಾನಾಗಿ ಹಡಗು ಹತ್ತಲಿಲ್ಲ. ತೋಟದ ಅಂದಕ್ಕೆ ತಂದವರು ಇದ್ದಾರೆ, ಕಾಡಿನ ಹಳೆಯ ನಡೆಯನ್ನು ನಿಲ್ಲಿಸಿದವರೂ ಇದ್ದಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಗೆಯ ಮೊದಲಲ್ಲಿ ತರಗೆಲೆ ಮಾತ್ರ ಸುಡುವಂತೆ ಹಚ್ಚುತ್ತಿದ್ದ ತರಗು ಬೆಂಕಿ, ಅಭಯಾರಣ್ಯ ಘೋಷಣೆಯ ನಂತರ ಅಪರಾಧವಾಯಿತು. ಆ ಬೆಂಕಿ ಎಳೆಯ ಲಂಟಾನವನ್ನು ಹದ್ದುಬಸ್ತಿನಲ್ಲಿಡುತ್ತಿತ್ತು, ಬೆಂಕಿ ನಿಂತ ಮೇಲೆ ಗಿಡ ತಲೆಯೆತ್ತಿತು ಎಂದು ಅವರು ಹೇಳುತ್ತ ಬಂದಿದ್ದಾರೆ. ಬೆಂಕಿಯೇ ಲಂಟಾನಕ್ಕೆ ದಾರಿ ಮಾಡುತ್ತದೆ ಎನ್ನುವ ವಿಜ್ಞಾನಿಗಳೂ ಇದ್ದಾರೆ. ಯಾವ ಹೊತ್ತಿನ, ಎಷ್ಟು ತೀವ್ರತೆಯ ಬೆಂಕಿ ಎಂಬುದರ ಮೇಲೆ ವ್ಯತ್ಯಾಸವಾಗುವುದರಿಂದ ಇಬ್ಬರೂ ಸರಿಯಿರಬಹುದು. ಬೆಂಕಿಯೂ ಹಿಂಸೆಯೇ, ತರಗಿನಲ್ಲಿ ಹುಳವಿರುತ್ತದೆ. ಆದರೂ ಒಂದು ಋತುವಿನ ಸಣ್ಣ ಹಿಂಸೆಯನ್ನು ಕಾನೂನಿನಿಂದ ನಿಲ್ಲಿಸಿ, ಐವತ್ತು ವರ್ಷದ ದೊಡ್ಡ ಹಿಂಸೆಗೆ ಎಡೆಮಾಡಿಕೊಟ್ಟಿದ್ದರೆ, ಆ ಕಾನೂನಿನ ಶುದ್ಧ ಕೈಗಳನ್ನು ನಾನು ಅಹಿಂಸೆಯೆಂದು ಕರೆಯಲಾರೆ. 2011ರಲ್ಲಿ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು, ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಅದು ದೇಶಕ್ಕೇ ಮೊದಲು. ಹಕ್ಕು ಸಿಕ್ಕವರಿಗೆ ಕೂಲಿಯಾಳಾಗಿ ಲಂಟಾನ ಕೀಳುವ ಕೆಲಸವಷ್ಟೇ ಸಿಕ್ಕಿ, ಎಲ್ಲಿ ಕೀಳಬೇಕು, ಎಲ್ಲಿ ಬಿಡಬೇಕು, ಎಲ್ಲಿ ತರಗು ಸುಡಬೇಕು ಎಂಬ ತೀರ್ಮಾನ ಬೇರೆಯವರದಾದರೆ, ಮಣ್ಣನ್ನು ಬಲ್ಲವರನ್ನು ಬಿಟ್ಟು ಮಣ್ಣಿನ ಪರವಾಗಿ ಕೆಲಸ ಮಾಡಿದಂತಾಗುತ್ತದೆ. ಲಂಟಾನದ ಬೆತ್ತದಂಥ ಕಡ್ಡಿಯಿಂದ ಮಲೆಮಹದೇಶ್ವರ ಬೆಟ್ಟದ ಕಡೆ ಕುರ್ಚಿ ಮೇಜು ಹೆಣೆಯುತ್ತಾರೆ, ನೀಲಗಿರಿಯ ಸುತ್ತಿನ ಆದಿವಾಸಿಗಳು ಅದರಿಂದ ಆಳೆತ್ತರ ಮೀರಿದ ಆನೆಗಳನ್ನೇ ಕಟ್ಟಿ ಲಂಡನ್ನಿನವರೆಗೂ ಕಳಿಸಿದ್ದಾರೆ. ಒಳ್ಳೆಯದೇ, ಆದರೆ ಜೀವನೋಪಾಯವೇ ಗಿಡವನ್ನು ಹಿಡಿದು ನಿಂತ ಮೇಲೆ ಗಿಡ ಮುಗಿಯಲಿ ಎಂದು ಬಯಸುವುದು ಯಾರಿಗಾದರೂ ಕಷ್ಟ, ಈ ಪ್ರಶ್ನೆಯನ್ನು ಈಗಲೇ ಎತ್ತಿಟ್ಟುಕೊಳ್ಳುವುದು ಲೇಸು.

ಜೈನರ ಪ್ರತಿಕ್ರಮಣವೆಂಬ ತಪ್ಪೊಪ್ಪಿಗೆಯ ವಿಧಿಯಲ್ಲಿ, ನಡೆದಾಡುವಾಗ ತುಳಿದ ಹಸಿರಿಗೆ, ಒದ್ದ ಮಣ್ಣಿಗೆ, ಮುರಿದ ಹುತ್ತಕ್ಕೆ ಸಂಬಂಧಿಸಿದ ತಪ್ಪು ಮಿಥ್ಯೆಯಾಗಲಿ ಎಂದು ಕೇಳಿಕೊಳ್ಳುವ ಕ್ರಮವಿದೆ. ನಡೆಯುವುದನ್ನು ಬಿಟ್ಟವರು ಇದನ್ನು ಹೇಳುವುದಿಲ್ಲ, ನಡೆದವರು, ನಾಳೆಯೂ ನಡೆಯಲಿರುವವರು ಹೇಳುತ್ತಾರೆ. ಲಂಟಾನ ಕೀಳುವುದನ್ನು ನಾನು ಈ ಸಾಲಿನಲ್ಲಿ ಇಡುತ್ತೇನೆ. ಅದು ಪುಣ್ಯಕಾರ್ಯವಲ್ಲ, ಸಮರವಲ್ಲ, ಶಾಲೆಯ ಮಕ್ಕಳನ್ನು ಬಸ್ಸಿನಲ್ಲಿ ತಂದು ಒಂದು ದಿನ ಕೀಳಿಸಿ ಫೋಟೊ ತೆಗೆದು ಕಳಿಸುವ ಉತ್ಸವವಂತೂ ಖಂಡಿತ ಅಲ್ಲ. ಅದು ಹಿಂಸೆಯಾಗಿಯೇ ಉಳಿಯುತ್ತದೆ. ಮಾಡಲೇಬೇಕಾದದ್ದು ಎಂಬ ಕಾರಣಕ್ಕೆ ಅದರ ಹೆಸರು ಬದಲಾಗುವುದಿಲ್ಲ. ಹೆಸರು ಬದಲಾಗದ್ದರಿಂದಲೇ ಮಾಡುವವರ ಮೇಲೆ ಕರಾರು ಬೀಳುತ್ತದೆ: ಕಿತ್ತ ಜಾಗಕ್ಕೆ ಮುಂದಿನ ಮಳೆಗಾಲವೂ ಅದರ ಮುಂದಿನದೂ ಹಿಂದಿರುಗಬೇಕು, ಹೊಸ ಮೊಳಕೆ ಕೀಳಬೇಕು, ಅಲ್ಲಿಯದೇ ಹುಲ್ಲನ್ನೂ ಸಸಿಗಳನ್ನೂ ಅಲ್ಲಿಯ ಒಳ್ಳೆಯ ಮಣ್ಣಿನ ಸಮೇತ ತಂದು ನೆಡಬೇಕು, ಬೇರಿಗೆ ಮತ್ತೆ ಶಿಲೀಂಧ್ರದ ಎಳೆ ಹತ್ತುವವರೆಗೆ ಕಾಯಬೇಕು. ಅಷ್ಟು ವರ್ಷ ಹಿಂದಿರುಗಲು ಹಣವೂ ಜನವೂ ಇಲ್ಲದ ಕಡೆ ಆ ಪೊದೆಯನ್ನು ಸದ್ಯಕ್ಕೆ ಮುಟ್ಟದಿರುವುದೇ ಸರಿ.